ಸಹಾಯ ಬೇಕು: ಸಕ್ಕರೆ ನೀರಲ್ಲಿ ಹತ್ತದ ಲೈಟು ವಿನೆಗರ್‌ನಲ್ಲಿ ಯಾಕೆ ಹತ್ತಿತು?

ನಮಸ್ಕಾರ. ಮಗಳು ಹತ್ತನೇ ತರಗತಿ. ರಾಸಾಯನಿಕ ಬಂಧದ ಪಾಠ ಸುಮ್ನೆ ಬಾಯಿಪಾಠ ಆಗಬಾರದು ಅಂತ ಮನೆಯಲ್ಲೇ ಮಾಡಿ ನೋಡಿದೆವು. 9 ವೋಲ್ಟ್ ಬ್ಯಾಟರಿ, ರೆಸಿಸ್ಟರ್, ಒಂದು ಎಲ್‌ಇಡಿ, ಎರಡು ಪೆನ್ಸಿಲ್ ಕಡ್ಡಿ, ಡಿಸ್ಟಿಲ್ಡ್ ವಾಟರ್. ಲೋಟದಲ್ಲಿ ಅದ್ದಿದ ಕಡ್ಡಿಗಳ ನಡುವೆ ದ್ರವದಲ್ಲಿ ಕರೆಂಟ್ ಹರಿದರೆ ಲೈಟು ಹತ್ತುತ್ತದೆ.

ಉಪ್ಪು ಹಾಕಿದಾಗ ಲೈಟು ಚೆನ್ನಾಗಿ ಹತ್ತಿತು. ಸಕ್ಕರೆ ಹಾಕಿದಾಗ ಹತ್ತಲೇ ಇಲ್ಲ. ಇಲ್ಲಿವರೆಗೆ ಅರ್ಥವಾಯಿತು. ಉಪ್ಪು ನೀರಲ್ಲಿ ಸೋಡಿಯಂ, ಕ್ಲೋರೈಡ್ ಅಯಾನುಗಳಾಗಿ (ವಿದ್ಯುದಾವೇಶವಿರುವ ಕಣಗಳಾಗಿ) ಬೇರೆಯಾಗುತ್ತದೆ, ಅವೇ ಕರೆಂಟ್ ಒಯ್ಯುತ್ತವೆ. ಸಕ್ಕರೆಯದು ಸಹವೇಲೆನ್ಸೀಯ ಬಂಧ (ಪರಮಾಣುಗಳು ಎಲೆಕ್ಟ್ರಾನ್ ಹಂಚಿಕೊಳ್ಳುವ ಬಂಧ), ಕರಗಿದರೂ ಅಣು ಇಡಿಯಾಗಿಯೇ ಇರುತ್ತದೆ.

ಆಮೇಲೆ ಅಡುಗೆಮನೆಯ ವಿನೆಗರ್ ಇಟ್ಟೆವು. ಮಂದವಾಗಿ ಹತ್ತಿತು! ಅದರಲ್ಲಿರುವ ಅಸಿಟಿಕ್ ಆಮ್ಲದ್ದೂ ಸಹವೇಲೆನ್ಸೀಯ ಬಂಧವೇ ಅಲ್ವಾ? ಕಡ್ಡಿ ತೊಳೆದು, ಲೋಟ ಬದಲಿಸಿ ಮತ್ತೆ ನೋಡಿದೆವು. ಅದೇ ಫಲಿತಾಂಶ. ಪುಸ್ತಕದಲ್ಲಿ ‘ಆಮ್ಲಗಳು ನೀರಿನಲ್ಲಿ ಹೈಡ್ರೋಜನ್ ಅಯಾನು ಕೊಡುತ್ತವೆ’ ಅಂತಷ್ಟೇ ಇದೆ. ಮಗಳು ಕೇಳಿದ್ದು ಅದರ ಮುಂದಿನ ಪ್ರಶ್ನೆ, ಒಳ್ಳೆಯ ಪ್ರಶ್ನೆ ಕೂಡ. ನನಗೆ ಉತ್ತರ ಹೊಳೆಯಲಿಲ್ಲ.

ಸಕ್ಕರೆಯ ಒಂದು ಅಣುವಿನಲ್ಲಿ 8 ಓಎಚ್ ಗುಂಪುಗಳಿವೆ (ಒಂದು ಆಕ್ಸಿಜನ್, ಅದಕ್ಕೆ ಅಂಟಿದ ಒಂದು ಹೈಡ್ರೋಜನ್). ಅಸಿಟಿಕ್ ಆಮ್ಲದಲ್ಲಿ ಒಂದೇ. ಹಾಗಿದ್ದರೂ ಆ ಒಂದು ಮಾತ್ರ ನೀರಿಗೆ ಹೈಡ್ರೋಜನ್ ಬಿಟ್ಟುಕೊಡುತ್ತದೆ, ಸಕ್ಕರೆಯ ಎಂಟೂ ಬಿಡುವುದಿಲ್ಲ. ಯಾಕೆ? ಅಸಿಟಿಕ್ ಆಮ್ಲದಲ್ಲಿ ಆ ಓಎಚ್ ಪಕ್ಕದಲ್ಲಿರುವ ಇನ್ನೊಂದು ಆಕ್ಸಿಜನ್ ಇದಕ್ಕೆ ಕಾರಣವೇ? ಹತ್ತನೇ ತರಗತಿಯ ಮಗುವಿಗೆ ತಿಳಿಯುವ ಹಾಗೆ ಯಾರಾದರೂ ಬಿಡಿಸಿ ಹೇಳುತ್ತೀರಾ?