“ಒಂದು ಸಹಿ ತಾನೇ, ಹಾಕಿಕೊಡಿ ಅಕ್ಕ”

ಪ್ರಶ್ನೆ: ಮೇಡಂ, ನಮಸ್ಕಾರ. ಕ್ಯಾಲಿಫೋರ್ನಿಯಾದಲ್ಲಿ ಥೆರಪಿಸ್ಟ್ ಪರವಾನಗಿ ಪಡೆದು ಇನ್ನೂ ವರ್ಷ ತುಂಬಿಲ್ಲ. ನನ್ನ ಬಳಿ ಬರುವ ಕನ್ನಡದ ಹುಡುಗನೊಬ್ಬ ಮೂರನೇ ಭೇಟಿಗೇ ಒಂದು ಪತ್ರ ಟೈಪ್ ಮಾಡಿ ತಂದಿದ್ದಾನೆ. ನನ್ನ ಹೆಸರು, ಹುದ್ದೆ ಎಲ್ಲ ಇದೆ. ಸಹಿಯ ಜಾಗ ಮಾತ್ರ ಖಾಲಿ. ಅವನ ಅಪಾರ್ಟ್‌ಮೆಂಟಿನಲ್ಲಿ ಸಾಕುಪ್ರಾಣಿಗೆ ಅವಕಾಶವಿಲ್ಲ. “ಭಾವನಾತ್ಮಕ ಆಸರೆಯ ಪ್ರಾಣಿ” (ಜೊತೆಗಿದ್ದು ಮನಸ್ಸಿನ ತೊಂದರೆ ತಗ್ಗಿಸುವ ಪ್ರಾಣಿ) ಎಂದು ನಾನು ಬರೆದುಕೊಟ್ಟರೆ ಮಾಲೀಕರು ಬೇಡವೆನ್ನುವಂತಿಲ್ಲವಂತೆ. “ತರಬೇತಾದ ಸಾಧು ನಾಯಿ” ಎಂಬ ಸಾಲೂ ಪತ್ರದಲ್ಲಿದೆ. ನಾಯಿಯನ್ನು ಅವನಿನ್ನೂ ತಂದೇ ಇಲ್ಲ! ಆತಂಕದ ತೊಂದರೆ ಇರುವುದಂತೂ ನಿಜ. ಕೊಡದಿದ್ದರೆ ಬರುವುದನ್ನೇ ಬಿಟ್ಟಾನು ಎಂಬ ಭಯ. ಏನು ಮಾಡಲಿ? (ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ.)

ಉತ್ತರ: ಆ ಕಾಗದಕ್ಕೆ ಸಹಿ ಹಾಕಬೇಡಿ. ನಿಮ್ಮ ರಾಜ್ಯದಲ್ಲಿ ಎಬಿ 468 ಎಂಬ ಕಾಯ್ದೆ 2022ರ ಜನವರಿ 1ರಿಂದ ಜಾರಿಯಲ್ಲಿದೆ. ಸಾಮಾನ್ಯವಾಗಿ ಕ್ಲೈಂಟ್ ನಿಮ್ಮ ಬಳಿ ಬರತೊಡಗಿ 30 ದಿನವಾದರೂ ಆಗಿರಬೇಕು, ನಾಯಿಯ ಅಗತ್ಯ ಇದೆಯೇ ಎಂದು ನೀವು ಪರೀಕ್ಷಿಸಿರಬೇಕು, ಪತ್ರದಲ್ಲಿ ಪರವಾನಗಿ ಸಂಖ್ಯೆ ಇರಬೇಕು. ಕಾಯ್ದೆ ನಾಯಿಯ ಮಾತನ್ನಷ್ಟೇ ಎತ್ತುತ್ತದೆ. ಹಾಗೆಂದು ಬೆಕ್ಕಿಗಾದರೆ ಮೂರೇ ದಿನದಲ್ಲಿ ಬರೆದುಕೊಡಬಹುದೆಂದು ತಿಳಿಯಬೇಡಿ.

ಆದರೆ 31ನೇ ದಿನ ಬಂದರೂ ನಿಮ್ಮ ಪ್ರಶ್ನೆ ಹಾಗೆಯೇ ಉಳಿಯುತ್ತದೆ. ಕ್ಲೈಂಟ್ ಹೇಳಿದ್ದನ್ನು ನಂಬಿ, ಅಲ್ಲಿಂದ ಮುಂದಕ್ಕೆ ಜೊತೆಯಲ್ಲಿ ನಡೆಯುವುದು ಥೆರಪಿಸ್ಟ್ ಕೆಲಸ. ಪತ್ರ ಬರೆಯುವವರು ಹೇಳಿದ್ದನ್ನು ಒರೆಗೆ ಹಚ್ಚಲೇಬೇಕು. ಈ ಎರಡು ಪಾತ್ರಗಳು ಒಬ್ಬರಲ್ಲೇ ಕೂಡಿದರೆ ತಿಕ್ಕಾಟ ತಪ್ಪದು, ಪತ್ರವನ್ನು ಮೂರನೆಯವರು ಬರೆಯಲಿ ಎಂದು ಮನಶ್ಶಾಸ್ತ್ರಜ್ಞ ಜೆಫ್ರಿ ಯಂಗ್‌ಗ್ರೆನ್ ಮತ್ತು ಸಂಗಡಿಗರು 2016ರಲ್ಲೇ ವಾದಿಸಿದ್ದರು. ನಾನು ಅವರ ಪಕ್ಷ. ಶುರುವಿನಲ್ಲಿ ನಾನೂ ಇಂಥದೊಂದು ಪತ್ರ ಕೊಟ್ಟಿದ್ದೆ. ಮಾಲೀಕರ ವಕೀಲರು ಫೋನ್ ಮಾಡಿ “ಯಾವ ಪರೀಕ್ಷೆ ಮಾಡಿದಿರಿ?” ಎಂದಾಗ ಬಾಯಿ ಕಟ್ಟಿತು. ಗೋಪ್ಯತೆಯ ನೆಪ ಹೇಳಿ ಫೋನ್ ಇಟ್ಟೆ. ನಿಜಕ್ಕೂ ಹೇಳಲು ಏನೂ ಇರಲಿಲ್ಲ.

ಇನ್ನೊಂದು ಮಾತು. ಆ ಪತ್ರದಲ್ಲಿ ನೀವು ದೃಢೀಕರಿಸುವುದು ಅವನಿಗೆ ಕಾನೂನಿನ ಅರ್ಥದಲ್ಲಿ ವೈಕಲ್ಯವಿದೆ, ಪ್ರಾಣಿಯಿಂದ ಅದರ ಬಾಧೆ ತಗ್ಗುತ್ತದೆ ಎಂದು. ನಾಯಿ ಇದ್ದರೆ ಮನಸ್ಸಿಗೆ ಹಿತ ಎಂಬುದು ಸಾಲದು, ಹಿತ ಯಾರಿಗಿಲ್ಲ? ನಿದ್ದೆ, ಕೆಲಸ, ಹೊರಗೆ ಓಡಾಟ ಇಂಥದ್ದು ತೊಂದರೆಯಿಂದ ಕುಂಠಿತವಾಗಿರಬೇಕು. ಆ ಹಣೆಪಟ್ಟಿ ಮಾಲೀಕರ ಕಡತದಲ್ಲಿ ಉಳಿದುಬಿಡುತ್ತದೆ ಎಂಬುದು ಹುಡುಗನಿಗೆ ಗೊತ್ತಿದೆಯೇ, ಕೇಳಿ. ಕಾಣದ ನಾಯಿಯನ್ನು ಸಾಧು ಎಂದು ಬರೆದು, ನಾಳೆ ಅದು ಪಕ್ಕದ ಮನೆಯ ಮಗುವನ್ನು ಕಚ್ಚಿದರೆ ಸಹಿ ನಿಮ್ಮದೇ. ದಿನವಿಡೀ ಬೀಗ ಹಾಕಿದ ಮನೆಯಲ್ಲಿ ಅದು ಒಂಟಿಯಾಗಿ ಬಿದ್ದಿರುವುದಾದರೆ ನಾಯಿಯ ಗತಿಯನ್ನೂ ನೋಡಬೇಕಲ್ಲ.

ಅವನಿಗೆ ಹೀಗೆ ಹೇಳಿ: “ಇದನ್ನು ಪರೀಕ್ಷಿಸುವವರು ಬೇರೆ ಇದ್ದಾರೆ, ಅವರ ವಿಳಾಸ ಕೊಡುತ್ತೇನೆ. ನಮ್ಮ ಭೇಟಿ ಎಂದಿನಂತೆ ನಡೆಯಲಿ.” “ಅಕ್ಕ” ಎಂಬ ಸಲುಗೆಯ ಬಗ್ಗೆಯೂ ಒಂದು ದಿನ ಬಿಡಿಸಿ ಮಾತಾಡಿ.

ಗುಂಪಿನ ಇನ್ನೊಬ್ಬ ಸದಸ್ಯರು: ಪತ್ರವಿದ್ದರೆ ವಿಮಾನದಲ್ಲೂ ಕರೆದೊಯ್ಯಬಹುದಲ್ಲವೇ?

ಉತ್ತರ: ಆ ಕಾಲ ಹೋಯಿತು. 2018ರಲ್ಲಿ ನ್ಯೂವಾರ್ಕ್ ನಿಲ್ದಾಣಕ್ಕೆ ಒಬ್ಬರು ಆಸರೆಯ ಪ್ರಾಣಿಯೆಂದು ನವಿಲನ್ನೇ ತಂದಿದ್ದರು, ಹತ್ತಿಸಿಕೊಳ್ಳಲಿಲ್ಲ. 2021ರ ಜನವರಿಯಿಂದ ಅಮೆರಿಕದ ವಿಮಾನ ಸಂಸ್ಥೆಗಳು ಆಸರೆಯ ಪ್ರಾಣಿಗಳನ್ನು ಸರ್ವಿಸ್ ಪ್ರಾಣಿಯೆಂದು ಒಪ್ಪಲೇಬೇಕಿಲ್ಲ. ಸರ್ವಿಸ್ ನಾಯಿ ಎಂದರೆ ವೈಕಲ್ಯಕ್ಕೆ ಸಂಬಂಧಿಸಿದ ನಿರ್ದಿಷ್ಟ ಕೆಲಸ ಕಲಿತದ್ದು: ರಕ್ತದ ಸಕ್ಕರೆ ಇಳಿದರೆ ಎಚ್ಚರಿಸುವುದು, ದುಃಸ್ವಪ್ನದಿಂದ ಎಬ್ಬಿಸುವುದು. ಅಮೆರಿಕದ ಕೇಂದ್ರ ಸರ್ಕಾರದ ನೋಂದಣಿ ಪಟ್ಟಿ ಎಂಬುದೇ ಇಲ್ಲ. ಆನ್‌ಲೈನಿನಲ್ಲಿ ಮಾರುವ ಪ್ರಮಾಣಪತ್ರ, ನಾಯಿಗೆ ತೊಡಿಸುವ ಕೆಂಪು ಅಂಗಿಗಳಿಂದ ಯಾವ ಹಕ್ಕೂ ಬರುವುದಿಲ್ಲ.

ಬೆಂಗಳೂರಿನ ಸದಸ್ಯರು: ನಮ್ಮ ಅಪಾರ್ಟ್‌ಮೆಂಟ್ ಸಂಘ ನಾಯಿ ಬೇಡವೆನ್ನುತ್ತಿದೆ. ಆಪ್ತಸಮಾಲೋಚಕರಿಂದ ಪತ್ರ ತರಲೇ?

ಉತ್ತರ: ಬೇಡ. ನಮ್ಮ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಆಸರೆಯ ಪ್ರಾಣಿಯ ಪ್ರಸ್ತಾಪವೇ ಇಲ್ಲ. ಸಂಘಗಳು ಸಾಕುನಾಯಿಯನ್ನು ನಿಷೇಧಿಸುವಂತಿಲ್ಲ ಎಂದು ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ 2015ರಲ್ಲಿ ಹೊರಡಿಸಿದ ಮಾರ್ಗಸೂಚಿಯನ್ನು ತೋರಿಸಿ. ಕಾಯಿಲೆಯ ಕಾಗದ ಏಕೆ?

ಮೊದಲ ಪ್ರಶ್ನೆ ಕೇಳಿದವರು: ಮೇಡಂ, ಇವತ್ತು ಹೇಳಿದೆ. ಮುಖ ಸಣ್ಣದಾಯಿತು. ಕಾಗದವನ್ನು ನಾಲ್ಕಾಗಿ ಮಡಚಿ ಜೇಬಿಗಿಟ್ಟುಕೊಂಡ. ಬಾಗಿಲವರೆಗೆ ಹೋದವನು ತಿರುಗಿ ಗುರುವಾರ ಐದು ಗಂಟೆಗೆ ಬರುತ್ತೇನೆಂದ.

ಉತ್ತರ: ಒಳ್ಳೆಯದಾಯಿತು. ಅವನು ಕೇಳಿದ್ದು, ನೀವು ಹೇಳಿದ್ದು, ತಾರೀಖು ಎಲ್ಲವನ್ನೂ ಇವತ್ತೇ ಟಿಪ್ಪಣಿಯಲ್ಲಿ ಬರೆದಿಡಿ. ಹೊಸಬರು ಮೊದಲ ದಿನ ಸಹಿ ಮಾಡುವ ಒಪ್ಪಿಗೆ ಪತ್ರದಲ್ಲಿ, ಇಂಥ ಪತ್ರಗಳನ್ನು ನೀವು ಕೊಡುವುದಿಲ್ಲ ಎಂದು ಒಂದು ಸಾಲು ಸೇರಿಸಿ.