ಅಟ್ಟದ ಮೇಲೆ ಸಿಕ್ಕ ನೀಲಿ ಪಿಂಗಾಣಿ: ಚೀನಾದ್ದಾ, ಇಂಗ್ಲೆಂಡಿನದ್ದಾ?

ಕುಮಟಾ ಕೂಸು:
ಅಜ್ಜನಮನೆ ಅಟ್ಟ ಖಾಲಿ ಮಾಡುವಾಗ ಎರಡು ನೀಲಿ-ಬಿಳಿ ಪಿಂಗಾಣಿ ತಟ್ಟೆ ಸಿಕ್ಕವು. ಒಂದರಲ್ಲಿ ಸೇತುವೆ, ಅದರ ಮೇಲೆ ಮೂವರು, ಆಕಾಶದಲ್ಲಿ ಜೋಡಿ ಹಕ್ಕಿ. ಇನ್ನೊಂದರಲ್ಲಿ ನದಿ, ಗುಡ್ಡ, ಮನೆ ಅಷ್ಟೇ. ತಳವೂ ಒರಟು. ಹಳೇ ಸಾಮಾನು ಕೊಳ್ಳುವವರೊಬ್ಬರು "ಹಕ್ಕಿಯದ್ದು ಅಸಲಿ ಚೀನಾ, ಒಳ್ಳೇ ರೇಟು ಕೊಡ್ತೇನೆ, ಇನ್ನೊಂದನ್ನು ಜೊತೆಗೆ ಸುಮ್ನೆ ಕೊಡಿ" ಅಂತಾರೆ. ಫೋಟೊ ಹಾಕಿದ್ದೇನೆ. ಕೊಡಬಹುದಾ?

ಸದಾಶಿವಗಡದ ಮಾಮ:
ಕೊಡಬೇಡ ತಂಗೀ, ಸ್ವಲ್ಪ ತಡಿ. ಆ ಹಕ್ಕಿ-ಸೇತುವೆ ಚಿತ್ರ ಇಂಗ್ಲೆಂಡಿನವರದ್ದು. ಚೀನಾದ ತಟ್ಟೆಗಳನ್ನು ನೋಡಿ 1790ರ ಸುಮಾರಿಗೆ ಅವರೇ ಕಟ್ಟಿದ್ದು. ಅಂಚಿನ ಪಟ್ಟಿಯನ್ನು ಬೆರಳಿಟ್ಟು ಸುತ್ತು ಬಾ. ಎಡಗಡೆ ಒಂದು ಕಡೆ ಬಳ್ಳಿ ಅರ್ಧಕ್ಕೇ ತುಂಡಾಗಿದೆ, ಕಂಡಿತಾ? ಕಾಗದದ ಅಚ್ಚನ್ನು ತಟ್ಟೆಗೆ ಅಂಟಿಸುವಾಗ ಎರಡು ತುದಿ ಕೂಡಿಲ್ಲ.

ಇನ್ನೊಂದು ಕೈಯಲ್ಲಿ ಬರೆದದ್ದು. ಗುಡ್ಡದ ನೀಲಿ ಒಂದು ಬದಿ ದಟ್ಟ, ಇನ್ನೊಂದು ಬದಿ ತೆಳು. ಕುಂಚದಲ್ಲಿ ಬಣ್ಣ ಮುಗಿಯುತ್ತ ಬಂದದ್ದೂ ಕಾಣುತ್ತದೆ. ಮಗುಚಿ ನೋಡು: ತಟ್ಟೆ ಕೂರುವ ಅಂಚಿಗೆ ಮೆರುಗಿಲ್ಲ, ಪಕ್ಕದಲ್ಲೇ ತುಕ್ಕಿನ ಬಣ್ಣದ ಗೆರೆ. ಕೊಳಕು ಅಂತ ಉಜ್ಜಿಬಿಟ್ಟೀಯೆ! ಚೀನಾ ತಟ್ಟೆಯ ಗುರುತು ಅಂತ ನಮಗೆ ಬೇಕಾದದ್ದು ಅದೇ. ಕತ್ತಲಲ್ಲಿ ಹಿಂದಿನಿಂದ ಟಾರ್ಚ್ ಬಿಡು. ಚೀನಾದ್ದಾದರೆ ಬೆಳಕು ಹಾಯುತ್ತದೆ.

ನಿಮ್ಮೂರಿಗೆ ಇಂಥದ್ದು ಬಂದದ್ದರಲ್ಲಿ ಆಶ್ಚರ್ಯವಿಲ್ಲ. ಕುಮಟಾ ಬಂದರಿನಿಂದ ಹತ್ತಿ ಮುಂಬಯಿಗೆ ಹೋಗುತ್ತಿತ್ತು. ಮುಂಬಯಿಯಿಂದ ಚೀನಾಕ್ಕೆ ಹೋದ ಹಡಗುಗಳು ಚಹಾ, ರೇಷ್ಮೆ ಜೊತೆ ಪಿಂಗಾಣಿಯನ್ನೂ ತರುತ್ತಿದ್ದವು. ಪಕ್ಕದ ಮಿರ್ಜಾನ ಕೋಟೆಯಲ್ಲಿ ಅಗೆದಾಗಲೂ ಚೀನಾ ಪಿಂಗಾಣಿ ಚೂರು ಸಿಕ್ಕಿವೆ.

ಶಿರಸಿ ಭಟ್ಟ:
ತಳದಲ್ಲಿ ಮುದ್ರೆ ಇದೆಯಾ? ಇಂಗ್ಲಿಷಿನಲ್ಲಿ 'ಚೈನಾ' ಅಂತಿದ್ದರೆ ಸಾಮಾನ್ಯವಾಗಿ 1891ರಿಂದ ಈಚೆಯದ್ದು. ಅಮೆರಿಕದ ಸುಂಕದ ಕಾಯ್ದೆಯಿಂದ ಬಂದ ಪದ್ಧತಿ ಅದು. ಚೀನಾದ ಕಾಂಗ್‌ಶಿ ದೊರೆಯ (1662–1722) ಮುದ್ರೆ ಕಂಡರೂ ಕುಣಿಯಬೇಡಿ, 19ನೇ ಶತಮಾನದಲ್ಲೂ ಅದನ್ನೇ ಹಾಕುತ್ತಿದ್ದರು.

ಕುಮಟಾ ಕೂಸು:
ಮುದ್ರೆ ಇಲ್ಲ. ಟಾರ್ಚ್ ಬಿಟ್ಟೆ, ಒರಟು ತಳದ್ದರಲ್ಲಿ ನನ್ನ ಬೆರಳಿನ ನೆರಳು ಕಾಣ್ತು! ಹಕ್ಕಿಯದ್ದರಲ್ಲಿ ಏನೂ ಇಲ್ಲ. ಕಲೆ ತೆಗೆಯಲು ಬ್ಲೀಚ್ ಹಾಕಲಾ?

ಸದಾಶಿವಗಡದ ಮಾಮ:
ಬ್ಲೀಚ್ ಬೇಡವೇ ಬೇಡ. ಉಗುರುಬೆಚ್ಚಗಿನ ನೀರು, ಚೂರು ಸೋಪು, ಕೆಳಗೆ ಹಳೇ ಟವೆಲ್. ಗೋಡೆಗೆ ತೂಗುಹಾಕಲು ತಂತಿಯ ಕೊಕ್ಕೆಯೂ ಬೇಡ, ಅಂಚು ಚಕ್ಕೆ ಏಳುತ್ತದೆ. ಹಕ್ಕಿ ತಟ್ಟೆ ಬೇಕಾದರೆ ಮಾರು, ಅದಕ್ಕೂ ಪ್ರೀತಿಯಿಂದ ಕೊಳ್ಳುವವರಿದ್ದಾರೆ. 'ಜೊತೆಗೆ ಸುಮ್ನೆ' ಕೇಳಿದವರ ಕಣ್ಣು ಯಾವುದರ ಮೇಲಿತ್ತು ಅಂತ ಈಗ ಗೊತ್ತಾಯ್ತಲ್ವಾ?