ಪದಚರ್ಚೆ: ಅಪರಾಧ ಸ್ಥಳದ ಪಾಠಗಳಲ್ಲಿ ‘ಸೀಲ್’, ‘ಮಾದರಿ’, ‘ಬೆರಳಚ್ಚು’

ಕೇಳಿಕೆ: ಕೋಥರೂಡ, ಪುಣೆ

ಬಳಗದ ಎಲ್ಲರಿಗೂ ನಮಸ್ಕಾರ.

ಅಪರಾಧ ಸ್ಥಳ ತನಿಖೆಯ ತರಬೇತಿಗೆ ಇಲ್ಲಿಗೆ ಬರುವವರಲ್ಲಿ ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಕಡೆಯ ಕನ್ನಡದ ಮಕ್ಕಳೂ ಇದ್ದಾರೆ. ಬೋಧಕರು ಪಾಠ ಹೇಳುವುದು ಇಂಗ್ಲಿಷ್ ಮತ್ತು ಮರಾಠಿಯಲ್ಲಿ. ಅವರ ಪ್ರಾಯೋಗಿಕ ಪಾಠಗಳ ಟಿಪ್ಪಣಿಯನ್ನು ಕನ್ನಡಕ್ಕೆ ತರುವಾಗ ಕೆಲವು ಕಡೆ ಕೈ ನಿಂತಿದೆ. ‘ಸೀಲ್ ಮಾಡಿ’ ಎಂದಿರುವಲ್ಲೆಲ್ಲ ‘ಗಾಳಿಯಾಡದಂತೆ ಮುಚ್ಚಿ’ ಎಂದು ಬರೆಯಬಹುದೆ? ಸ್ಯಾಂಪಲ್, ಕಂಟ್ರೋಲ್, ಸ್ಪೆಸಿಮನ್ ಮೂರಕ್ಕೂ ನಿಘಂಟು ‘ಮಾದರಿ’ ಎನ್ನುತ್ತದೆ, ಅಷ್ಟು ಸಾಕೆ? ಫಿಂಗರ್‌ಪ್ರಿಂಟಿಗೆ ‘ಬೆರಳಚ್ಚು’ ಎಂದರೆ ಕೆಲವರು ಟೈಪಿಂಗ್ ಎಂದುಕೊಳ್ಳುತ್ತಾರೆ. ಇನ್ನು ಫೊರೆನ್ಸಿಕ್ ಎಂಬುದಕ್ಕೆ ಮರಾಠಿ ಪತ್ರಿಕೆಗಳ ‘ನ್ಯಾಯವೈದ್ಯಕ’ವನ್ನೇ ಇಟ್ಟುಕೊಳ್ಳಬಹುದೆ? ವಸ್ತು ಯಾವಾಗ ಯಾರ ಕೈಯಲ್ಲಿ, ಎಲ್ಲಿ ಇತ್ತು ಎಂಬ ಕಡಿಯದ ದಾಖಲೆಗೆ, ಅಂದರೆ ‘ಚೈನ್ ಆಫ್ ಕಸ್ಟಡಿ’ಗೆ ಏನೆನ್ನಬೇಕು? ತಿಳಿದವರು ದಯವಿಟ್ಟು ಬರೆಯಿರಿ.

ಉತ್ತರ: ಸಾಂತಾಕ್ರೂಜ್, ಮುಂಬಯಿ

ಮೇಡಂ, ನಮಸ್ಕಾರ.

ಮೊದಲು ಸೀಲ್ ವಿಷಯ, ಯಾಕೆಂದರೆ ಇಲ್ಲಿ ಮಾತು ತಪ್ಪಿದರೆ ವಸ್ತುವೇ ಕೆಡುತ್ತದೆ. ಪೊಲೀಸ್ ರೂಢಿಯಲ್ಲಿ ಸೀಲ್ ಎಂದರೆ ಪೊಟ್ಟಣದ ಬಾಯಿಗೆ ದಾರ ಸುತ್ತಿ, ಅರಗು ಹಾಕಿ, ಮೊಹರು ಒತ್ತುವುದು. ಜೊತೆಗೆ ಪಂಚರ (ಸ್ಥಳದಲ್ಲಿ ಹಾಜರಿದ್ದ ಸಾಕ್ಷಿಗಳ) ಮತ್ತು ಅಧಿಕಾರಿಯ ಸಹಿ ಇರುವ ಚೀಟಿ. ನಡುವೆ ಯಾರಾದರೂ ಬಿಚ್ಚಿದರೆ ಅದು ಕಾಣಬೇಕು, ಅಷ್ಟೇ ಅದರ ಕೆಲಸ. ಒಳಗೆ ಗಾಳಿ ಹೋಗಬೇಕೋ ಬೇಡವೋ ಎಂಬುದನ್ನು ಒಳಗಿನ ವಸ್ತು ನೋಡಿ ತೀರ್ಮಾನಿಸುತ್ತಾರೆ.

ರಕ್ತ ಹತ್ತಿದ ಬಟ್ಟೆಗೆ ಗಾಳಿ ಬೇಕು. ಹಸಿ ಬಟ್ಟೆಯನ್ನು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಬಿಗಿದರೆ ತೇವ ಒಳಗೇ ಉಳಿದು ಬೂಷ್ಟು ಹಿಡಿಯುತ್ತದೆ, ಬ್ಯಾಕ್ಟೀರಿಯಾ ಬೆಳೆದು ಡಿಎನ್‌ಎ ಒಡೆಯುತ್ತದೆ. ಮುಂಬಯಿಯ ಮಳೆಗಾಲದಲ್ಲಿ ಇದಕ್ಕೆ ಬಹಳ ಹೊತ್ತು ಬೇಕಿಲ್ಲ. ಆದ್ದರಿಂದ ನೆರಳಿನಲ್ಲಿ, ಸ್ವಚ್ಛ ಕಾಗದ ಹಾಸಿ, ಬಟ್ಟೆಯನ್ನು ಬಿಡಿಸಿ ಹರವಿ ಪೂರ್ತಿ ಒಣಗಿಸಬೇಕು. ಬಿಸಿಲೂ ಬೇಡ, ಹೇರ್ ಡ್ರೈಯರ್ ಬಿಸಿಯೂ ಬೇಡ. ಆರೋಪಿಯ ಬಟ್ಟೆಯನ್ನೂ ಗಾಯಾಳುವಿನ ಬಟ್ಟೆಯನ್ನೂ ಒಂದೇ ಕೋಣೆಯಲ್ಲಿ ಒಣಹಾಕಬಾರದು. ಮಡಿಸುವಾಗ ಪದರಗಳ ನಡುವೆ ಕಾಗದ ಇಡಬೇಕು, ಇಲ್ಲವಾದರೆ ಒಂದು ಕಡೆಯ ಕಲೆ ಇನ್ನೊಂದು ಕಡೆಗೆ ಇಳಿದು, ರಕ್ತ ಎತ್ತಲಿಂದ ಚಿಮ್ಮಿತು ಎಂದು ಓದಲಾಗುವುದಿಲ್ಲ. ಆಮೇಲೆ ಕಾಗದದ ಚೀಲ, ಅದರ ಮೇಲೆ ಮೊಹರು.

ಬೆಂಕಿ ಬಿದ್ದ ಜಾಗದ ಬೂದಿ, ಕರಕಲಿಗೆ ಇದರ ತದ್ವಿರುದ್ಧ. ಪೆಟ್ರೋಲ್, ಸೀಮೆಎಣ್ಣೆಯ ಆವಿ ಹಾರಿಹೋಗಬಾರದು. ಹೊಸ ತಗಡಿನ ಡಬ್ಬಿಯಲ್ಲೋ ಬಿಗಿ ಮುಚ್ಚಳದ ಗಾಜಿನ ಜಾಡಿಯಲ್ಲೋ ಮೂರರಲ್ಲಿ ಎರಡು ಪಾಲಿನಷ್ಟು ತುಂಬಿ, ಮೇಲೆ ಜಾಗ ಬಿಟ್ಟು ಮುಚ್ಚಬೇಕು. ಪ್ರಯೋಗಾಲಯದವರು ಆವಿಯನ್ನು ಎಳೆದುಕೊಳ್ಳುವುದು ಆ ಖಾಲಿ ಜಾಗದಿಂದಲೇ. ಸಾಮಾನ್ಯ ಪಾಲಿಥೀನ್ ಚೀಲ ಇಲ್ಲಿ ನಡೆಯದು, ಆವಿ ಅದರೊಳಗಿಂದ ನುಸುಳುತ್ತದೆ.

ಹೀಗಾಗಿ ಟಿಪ್ಪಣಿಯಲ್ಲಿ ಎರಡು ಬೇರೆ ಮಾತು ಇರಲಿ: ‘ಮೊಹರು ಹಾಕು’ ಎಲ್ಲ ವಸ್ತುವಿಗೂ, ‘ಗಾಳಿಯಾಡದಂತೆ ಮುಚ್ಚು’ ಬೆಂಕಿಯ ಅವಶೇಷದಂಥ, ಆವಿಯಾಗುವ ವಸ್ತುವಿಗೆ ಮಾತ್ರ. ‘ಸೀಲ್ ಮಾಡು’ ಎಂದೇ ಬಿಟ್ಟರೂ ತಪ್ಪಿಲ್ಲ, ಠಾಣೆಯಲ್ಲಿ ಎಲ್ಲರೂ ಹಾಗೇ ಅನ್ನುತ್ತಾರೆ.

‘ಮಾದರಿ’ ಬಗ್ಗೆ ನಿಮ್ಮ ಅನುಮಾನ ನ್ಯಾಯವಾದದ್ದು. ಒಂದೇ ಪಾಠದಲ್ಲಿ ಆ ಪದ ನಾಲ್ಕು ಬೇರೆ ವಸ್ತುಗಳಿಗೆ ಬೀಳುತ್ತದೆ. ಸ್ಥಳದಲ್ಲಿ ಸಿಕ್ಕ, ಯಾರದೆಂದು ತಿಳಿಯದ ಕಲೆ ಒಂದು. ಹೋಲಿಸಿ ನೋಡಲು ಗೊತ್ತಿರುವ ವ್ಯಕ್ತಿಯಿಂದ ಪಡೆದ ರಕ್ತ ಇನ್ನೊಂದು. ಕಲೆಯ ಪಕ್ಕದ ಕಲೆಯಿಲ್ಲದ ಜಾಗದಿಂದ ತೆಗೆದದ್ದು ಮೂರನೆಯದು. ಪೊಟ್ಟಣಕ್ಕೆ ಒತ್ತಿದ ಮೊಹರು ಇದೇ ಎಂದು ಪ್ರಯೋಗಾಲಯ ತಾಳೆ ನೋಡಲು ಪತ್ರದ ಜೊತೆ ಕಳಿಸುವ ಮೊಹರಿನ ಗುರುತು ನಾಲ್ಕನೆಯದು. ಹೊಸಬರು ಮರೆಯುವುದು ಮೂರನೆಯದನ್ನು. ಗೋಡೆಯ ಒಣ ಕಲೆಯನ್ನು ಡಿಸ್ಟಿಲ್ಡ್ ವಾಟರ್ ತಾಗಿಸಿದ ಸ್ಟೆರೈಲ್ ಹತ್ತಿಯ ಕಡ್ಡಿಯಿಂದ ತೆಗೆದರೆ, ಅದೇ ನೀರು, ಅದೇ ಪ್ಯಾಕೆಟ್ಟಿನ ಇನ್ನೊಂದು ಕಡ್ಡಿಯಿಂದ ಪಕ್ಕದ ಖಾಲಿ ಗೋಡೆಯನ್ನೂ ಒರೆಸಿ ಬೇರೆ ಪೊಟ್ಟಣ ಮಾಡಬೇಕು. ಬಣ್ಣವೋ ಸೋಪೋ ಪರೀಕ್ಷೆಯನ್ನು ದಾರಿ ತಪ್ಪಿಸಿತೇ ಎಂದು ತಿಳಿಯುವುದು ಅದರಿಂದ. ಇವನ್ನು ‘ಶಂಕಿತ ಕುರುಹು’, ‘ಹೋಲಿಕೆ ಮಾದರಿ’, ‘ಕಲೆಯಿಲ್ಲದ ಭಾಗ’, ‘ಮೊಹರಿನ ನಮೂನೆ’ ಎಂದು ಬಿಡಿಸಿ ಹೇಳಿ. ‘ನಿಯಂತ್ರಣ ಮಾದರಿ’ ಎಂಬ ನಿಘಂಟಿನ ಪದ ಓದಿದವನಿಗೆ ಏನನ್ನು ಒರೆಸಬೇಕೆಂದು ಗೊತ್ತಾಗುವುದಿಲ್ಲ. ‘ಕಲೆಯಿಲ್ಲದ ಭಾಗ’ ಎಂದರೆ ಕೈ ತಾನೇ ಅಲ್ಲಿಗೆ ಹೋಗುತ್ತದೆ.

‘ಬೆರಳಚ್ಚು’ ಇರಲಿ. ಕರ್ನಾಟಕದ ಪೊಲೀಸರೂ ಪತ್ರಿಕೆಗಳೂ ಅದನ್ನೇ ಬಳಸುತ್ತಾರೆ, ಟೈಪಿಂಗ್ ಅರ್ಥ ಈ ಸಂದರ್ಭದಲ್ಲಿ ಯಾರಿಗೂ ಉಳಿಯುವುದಿಲ್ಲ. ಕಣ್ಣಿಗೆ ಕಾಣದ ಅಚ್ಚಿಗೆ ಮಾತ್ರ ‘ಸುಪ್ತ’ ಎನ್ನುವ ಬದಲು ‘ಕಾಣದ ಬೆರಳಚ್ಚು’ ಎನ್ನಿ, ಯಾಕೆಂದರೆ ಅದನ್ನು ಕಾಣಿಸುವಂತೆ ಮಾಡುವುದೇ ಮುಂದಿನ ಪಾಠ. ತಿಳಿ ಬಣ್ಣದ ಮೇಲ್ಮೈಗೆ ಕಪ್ಪು ಪುಡಿ, ಗಾಢ ಬಣ್ಣದ್ದಕ್ಕೆ ಅಲ್ಯುಮಿನಿಯಂ ಪುಡಿ. ಕುಂಚದ ತುದಿಗೆ ಸ್ವಲ್ಪವೇ ಪುಡಿ ತಾಗಿಸಿ ಕೊಡವಿ, ಹಗುರವಾಗಿ ಆಡಿಸಿ, ಗೆರೆ ಕಂಡ ಕೂಡಲೇ ಗೆರೆಯ ದಿಕ್ಕಿನಲ್ಲಿ ಮಾತ್ರ ಎಳೆಯಬೇಕು. ಪುಡಿ ಹೆಚ್ಚಾದರೆ ಗೆರೆಗಳ ನಡುವಿನ ಸಂದು ತುಂಬಿ ಅಚ್ಚು ಹಾಳು. ಕಬ್ಬಿಣದ ಪುಡಿಯನ್ನು ಅಯಸ್ಕಾಂತದಿಂದ ಹಿಡಿಯುವ ಕಾಂತದ ಕುಂಚವನ್ನು ಕಬ್ಬಿಣದ ಕಪಾಟಿನ ಮೇಲೆ ಬಳಸಬಾರದು. ಒದ್ದೆ ಗಾಜಿಗೆ ಪುಡಿ ಹಾಕಿದರೆ ಮುದ್ದೆಗಟ್ಟುತ್ತದೆ. ಒಣಗಲು ಬಿಡಬೇಕು, ಇಲ್ಲವೇ ಮಾಲಿಬ್ಡಿನಂ ಡೈಸಲ್ಫೈಡ್ ಕಲಸಿದ ದ್ರವವನ್ನು ಸಿಂಪಡಿಸಬೇಕು. ‘ಲಿಫ್ಟ್ ಮಾಡು’ ಎಂಬುದಕ್ಕೆ ‘ಎತ್ತು’ ಎನ್ನಿ, ಆದರೆ ಅದರ ಹಿಂದಿನ ಸಾಲಿನಲ್ಲಿ ‘ಅಳತೆಪಟ್ಟಿ ಇಟ್ಟು ಫೋಟೊ ತೆಗೆ’ ಎಂದು ಬರೆಯಲೇಬೇಕು. ಟೇಪಿನಲ್ಲಿ ಎತ್ತುವಾಗ ಹರಿದರೆ ಉಳಿಯುವುದು ಆ ಫೋಟೊ ಒಂದೇ.

‘ನ್ಯಾಯವೈದ್ಯಕ’ ಬೇಡ. ಅದು ಮರಣೋತ್ತರ ಪರೀಕ್ಷೆ, ಗಾಯದ ಪ್ರಮಾಣಪತ್ರ ಬರೆಯುವ ವೈದ್ಯರ ಶಾಸ್ತ್ರ. ನಮ್ಮ ಕಲೀನಾದ ಪ್ರಯೋಗಾಲಯಕ್ಕೆ ಮಹಾರಾಷ್ಟ್ರ ಸರ್ಕಾರದ ಹೆಸರೇ ‘ನ್ಯಾಯಸಹಾಯಕ ವೈಜ್ಞಾನಿಕ’ ಎಂದಿದೆ, ಕನ್ನಡದಲ್ಲಿ ‘ವಿಧಿವಿಜ್ಞಾನ’ ಊರಿದೆ. ಇಲ್ಲಿಯ ಠಾಣೆಗಳಲ್ಲಿ ‘ಸಿ.ಎ. ರಿಪೋರ್ಟ್’ ಎಂದರೂ ಆ ಪ್ರಯೋಗಾಲಯದ ವರದಿಯೇ, ಕೆಮಿಕಲ್ ಅನಲೈಸರ್ ಎಂಬ ಹಳೆಯ ಹುದ್ದೆಯಿಂದ ಬಂದದ್ದು. ಟಿಪ್ಪಣಿಯಲ್ಲಿ ಒಂದು ಸಾಲು ಇದಕ್ಕೂ ಕೊಡಿ. ಹಾಗೆಯೇ ಮಹಾರಾಷ್ಟ್ರದ ‘ಪಂಚನಾಮೆ’ಗೆ ಕರ್ನಾಟಕದ ಬಹುಭಾಗದಲ್ಲಿ ‘ಮಹಜರು’ ಎನ್ನುತ್ತಾರೆ. ಎರಡನ್ನೂ ಕೊಡಿ.

ಕಸ್ಟಡಿಗೆ ‘ಸುಪರ್ದಿ’ ಎನ್ನಬೇಡಿ, ಅದು ವಾಹನ ಮೊದಲಾದ್ದನ್ನು ಕೋರ್ಟು ಮಾಲಿಕನಿಗೆ ತಾತ್ಕಾಲಿಕವಾಗಿ ಒಪ್ಪಿಸುವುದಕ್ಕೆ ಸಲ್ಲುವ ಮಾತು. ‘ಹಸ್ತಾಂತರ ದಾಖಲೆ’ ಹತ್ತಿರ ಬರುತ್ತದೆ, ಆದರೆ ಎರಡು ಹಸ್ತಾಂತರಗಳ ನಡುವೆ ವಸ್ತು ಎಲ್ಲಿತ್ತು ಎಂಬುದು ಅದರಲ್ಲಿ ಬರುವುದಿಲ್ಲ. ವಕೀಲರು ಪಾಟೀಸವಾಲಿನಲ್ಲಿ ಹಿಡಿಯುವುದು ಆ ಸಂದನ್ನೇ. ನನಗೆ ‘ವಶದ ಸರಪಳಿ’ ಹಿಡಿಸುತ್ತದೆ. ಕೊಟ್ಟವರು, ಪಡೆದವರು, ತಾರೀಖು, ಗಂಟೆ, ಮೊಹರಿನ ಸ್ಥಿತಿ, ಇಟ್ಟ ಜಾಗ: ಈ ಆರು ಕಾಲಂ ಇರಬೇಕು. ಫೋನು, ಪೆನ್‌ಡ್ರೈವ್ ಇದ್ದರೆ ಹ್ಯಾಶ್ ಮೌಲ್ಯವೂ (ಒಳಗಿನ ಮಾಹಿತಿ ಬದಲಾದರೆ ತಾನೂ ಬದಲಾಗುವ ಅಂಕಿ-ಅಕ್ಷರಗಳ ಸಾಲು) ಬೇಕು. ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರ ಅದನ್ನು ಕೇಳುತ್ತದೆ.

ನೀವು ಕೇಳದ ಒಂದನ್ನು ಸೇರಿಸುತ್ತೇನೆ. ಸ್ಥಳದಲ್ಲಿ ಕಲೆಗೆ ಫಿನಾಲ್ಫ್ಥಲೀನ್ (ರಕ್ತದ ಪತ್ತೆಗೆ ಬಳಸುವ ರಾಸಾಯನಿಕ) ಹಾಕಿ ಗುಲಾಬಿ ಬಣ್ಣ ಬಂದರೆ ಅನುವಾದಗಳಲ್ಲಿ ‘ರಕ್ತವೆಂದು ದೃಢಪಟ್ಟಿತು’ ಎಂದು ಬರೆಯುವುದುಂಟು. ಅದು ತಪ್ಪು. ಆಲೂಗಡ್ಡೆಯಂಥ ತರಕಾರಿಯ ಕಿಣ್ವವೂ ಆ ಬಣ್ಣ ಕೊಡಬಲ್ಲದು. ಅದರ ಬಳಿಕ ಹನಿಸಬೇಕಾದ ಹೈಡ್ರೋಜನ್ ಪೆರಾಕ್ಸೈಡ್ ಹಾಕುವ ಮೊದಲೇ ಬಣ್ಣ ಬಂದರೆ ಆ ಪರೀಕ್ಷೆಗೆ ಬೆಲೆಯಿಲ್ಲ. ಅದು ‘ಸೂಚಕ ಪರೀಕ್ಷೆ’; ‘ದೃಢೀಕರಣ ಪರೀಕ್ಷೆ’ ಪ್ರಯೋಗಾಲಯದಲ್ಲಿ ಆಗುವಂಥದ್ದು. ಪಂಚನಾಮೆಯಲ್ಲಿ ‘ರಕ್ತದಂತೆ ತೋರುವ ಕಂದುಗೆಂಪು ಕಲೆ’ ಎಂದೇ ಬರೆಯಬೇಕು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 176(3)ರ ಪ್ರಕಾರ ಏಳು ವರ್ಷ ಮತ್ತು ಮೇಲ್ಪಟ್ಟ ಶಿಕ್ಷೆಯ ಅಪರಾಧಗಳಲ್ಲಿ ವಿಧಿವಿಜ್ಞಾನ ತಜ್ಞರು ಸ್ಥಳಕ್ಕೆ ಬರಬೇಕು. ಇದನ್ನು ಜಾರಿಗೆ ತರಲು ರಾಜ್ಯಗಳಿಗೆ ಐದು ವರ್ಷದ ಅವಕಾಶವಿದೆ. ಅಲ್ಲಿಯವರೆಗೂ ಆಮೇಲೂ ಮೊದಲು ಸ್ಥಳ ಮುಟ್ಟುವವರು ಠಾಣೆಯವರೇ, ಈ ಟಿಪ್ಪಣಿ ಓದುವವರೂ ಅವರೇ.

ಸೇರ್ಪಡೆ: ಫೋಂಡಾ, ಗೋವಾ

ಸರ್ ಹೇಳಿದ್ದೆಲ್ಲ ಒಪ್ಪಿಗೆ. ಹೆಜ್ಜೆ ಗುರುತಿನ ಪಾಠದಲ್ಲಿ ‘ಅಚ್ಚು’ ಎಂಬ ಪದವನ್ನು ಬಳಸಬೇಡಿ ಎಂದಷ್ಟೇ ನನ್ನ ಸಲಹೆ. ಮಣ್ಣಿನಲ್ಲಿ ಮೂಡಿದ್ದೂ ಅಚ್ಚು, ಅದರಿಂದ ತೆಗೆದದ್ದೂ ಅಚ್ಚು ಎಂದಾಗುತ್ತದೆ. ಮಣ್ಣಿನದು ‘ಗುರುತು’, ತೆಗೆದದ್ದು ‘ಎರಕ’ ಎಂದಿಡಿ. ಒಂದು ಹೆಜ್ಜೆಗೆ ಸುಮಾರು 900 ಗ್ರಾಂ ಡೆಂಟಲ್ ಸ್ಟೋನ್ (ಹಲ್ಲಿನ ಅಚ್ಚಿಗೆ ಬಳಸುವ ಜಿಪ್ಸಂ ಪುಡಿ), 350 ಮಿಲಿ ನೀರು. ಜಿಪ್ ಚೀಲದಲ್ಲೇ ಹಿಸುಕಿ ಕಲಸಿದರೆ ಗಂಟು ಉಳಿಯುವುದಿಲ್ಲ. ಗುರುತಿನ ಮೇಲೆ ನೇರ ಸುರಿದರೆ ಹಿಮ್ಮಡಿಯ ಅಂಚು ಕುಸಿಯುತ್ತದೆ, ಪಕ್ಕದ ನೆಲದಲ್ಲಿ ಸುರಿದು ಒಳಗೆ ಹರಿಯಲು ಬಿಡಬೇಕು. ಇಲ್ಲಿಯ ಕಡಲತೀರದ ಒಣ ಮರಳಾದರೆ ಮೊದಲು ದೂರದಿಂದ ಹೇರ್ ಸ್ಪ್ರೇ ಸಿಂಪಡಿಸಿ ಮರಳನ್ನು ಹಿಡಿದಿಡಬೇಕು. ಎರಕ ಅರ್ಧ ಗಂಟೆಯಲ್ಲಿ ಎತ್ತಲು ಬರುತ್ತದೆ, ಆದರೆ ಅಂಟಿದ ಮಣ್ಣನ್ನು ಅಲ್ಲೇ ತೊಳೆಯುವುದು ಬೇಡ. ಒಂದೆರಡು ದಿನ ಒಣಗಿದ ಮೇಲೆ ಪ್ರಯೋಗಾಲಯದವರು ಬಿಡಿಸಿಕೊಳ್ಳುತ್ತಾರೆ. ಪ್ರಕರಣದ ಸಂಖ್ಯೆ, ತಾರೀಖು, ದಿಕ್ಕಿನ ಬಾಣವನ್ನು ಎರಕ ಗಟ್ಟಿಯಾಗುವ ಮುನ್ನ ಬೆನ್ನಿನ ಮೇಲೆ ಕಡ್ಡಿಯಿಂದ ಗೀರಬೇಕು. ‘ಗೀರು’ ಎಂದೇ ಬರೆಯಿರಿ. ‘ನಮೂದಿಸು’ ಎಂದರೆ ಹುಡುಗರು ಪೆನ್ನು ಹುಡುಕುತ್ತಾರೆ, ಅಷ್ಟರಲ್ಲಿ ಎರಕ ಬಿಗಿದುಕೊಂಡಿರುತ್ತದೆ.